ಪೆಡಿಯೋಸ್ ನದಿಯ ಎರಡನೆಯ ಹೆಸರು

ಮಲೇಶಿಯಾದ ಸೈಬರ್‌ಜಯಾ ಊರಿನ ನಮ್ಮ ಕಾಂಡೋ ಕಟ್ಟಡದಲ್ಲಿ ಎಲ್ಲರಿಗೂ ಅವಳು ವೇದವತಿ. ಕೆಳಗಿನ ಮಹಡಿಯ ತಮಿಳರಿಗೆ ಡಾಕ್ಟರಮ್ಮ. ಅವಳ ಹೆಸರು ಗುಲಾಬಿ ಎಂದು ನನಗೆ ತಿಳಿದದ್ದು ಎದುರು ಬದುರು ಬಾಗಿಲಲ್ಲಿ ಸಾಕಷ್ಟು ವರ್ಷ ಬದುಕಿದ ಮೇಲೆ. ಈಗ ನಾನು ಅವಳನ್ನು ಗುಲಾಬಿ ಎಂದೇ ಕರೆಯುತ್ತೇನೆ. ಈ ಊರಲ್ಲಿ ಹಾಗೆ ಕರೆಯುವವಳು ನಾನೊಬ್ಬಳೇ.

ಅವಳು ಬಸರೂರಿನ ಶಾಲಾ ಮಾಸ್ತರರ ಮಗಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೂಗೋಳ ಓದಿ ಎಂ.ಎ. ಮುಗಿಸಿದ ವರ್ಷವೇ ಉಡುಪಿಯ ಸದಾಶಿವರ ಸಂಬಂಧ ಬಂತು. ಅವರು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುವವರು. ಅತ್ತೆಯಾಗುವವರಿಗೆ ಹುಡುಗಿ ಹಿಡಿಸಿತು, ಹೆಸರು ಹಿಡಿಸಲಿಲ್ಲ.

"ಗುಲಾಬಿ ಅಂದ್ರೆ ನಮ್ಮಲ್ಲಿ ಪಾತ್ರೆ ತೊಳಿಲಿಕ್ಕೆ ಬರುವವಳ ಹೆಸರು. ಸೊಸೆಯನ್ನ ಹಾಗೆ ಕರಿಲಿಕ್ಕೆ ಆಗ್ತದಾ?" ಎಂದರಂತೆ.

ಧಾರೆ ಮುಗಿದ ಮೇಲೆ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗನ ಕೈಗೆ ಉಂಗುರ ಕೊಟ್ಟು 'ವೇದವತಿ' ಎಂದು ಬರೆಸಿದರು. ಗುಲಾಬಿಯ ಅಪ್ಪ ಪಕ್ಕದಲ್ಲೇ ನಿಂತಿದ್ದರು. ಮದುವೆಯ ನೋಂದಣಿಯೂ ಪಾಸ್‌ಪೋರ್ಟೂ ಆ ಹೆಸರಿನಲ್ಲೇ ಆದವು.

"ಅಕ್ಕಿ ಮೇಲೆ ಬರೆದದ್ದಲ್ವಾ, ಅಳಿಸಿ ಹೋಗ್ತದೆ ಅಂತ ಮಾಡಿದ್ದೆ ಮಾರಾಯ್ತಿ," ಎಂದು ಅವಳು ನನಗೆ ಹೇಳಿದ್ದಳು. "ಮರುದಿನ ಆ ಅಕ್ಕಿಯಲ್ಲೇ ಪಾಯಸ ಮಾಡಿ ಎಲ್ಲರಿಗೂ ಬಡಿಸಿದ್ರು. ನಾನೂ ತಿಂದೆ."

ಸದಾಶಿವರಿಗೆ ಮಲೇಶಿಯಾದ ಮೆಡಿಕಲ್ ಕಾಲೇಜೊಂದರಲ್ಲಿ ಕೆಲಸ ಸಿಕ್ಕಾಗ ಹೆಂಡತಿಯ ವೀಸಾಕ್ಕೆ ವಿದ್ಯಾಭ್ಯಾಸ ಏನೆಂದು ಬರೆಯಬೇಕಿತ್ತು. ಪಾಸ್‌ಪೋರ್ಟು ವೇದವತಿಯದು, ಡಿಗ್ರಿ ಗುಲಾಬಿಯದು. "ಈಗ ಅಫಿಡವಿಟ್ ಅಂತ ಕೂತರೆ ತಿಂಗಳುಗಟ್ಟಲೆ ಹೋಗ್ತದೆ. ಖಾಲಿ ಬಿಡುವ. ನಿನಗೇನು ಅಲ್ಲಿ ಕೆಲಸಕ್ಕೆ ಹೋಗ್ಲಿಕ್ಕುಂಟಾ?" ಎಂದರು ಸದಾಶಿವ. ಅವಳು ಹೂಂ ಎಂದಳು. ಹೀಗೆ ಡಾಕ್ಟರ ಅವಲಂಬಿತೆ ಎಂಬ ಪಾಸಿನಲ್ಲಿ, ಏನೂ ಓದದವಳಾಗಿ ಈ ದೇಶಕ್ಕೆ ಬಂದಳು.

ಮುಂದಿನ ವರ್ಷಗಳಲ್ಲಿ ಹೇಳುವಂಥದ್ದೇನೂ ಇಲ್ಲ. ಮಗಳು ಸಮೀಕ್ಷಾ ಹುಟ್ಟಿದಳು, ಬೆಳೆದಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಓದಲು ಪೆನಾಂಗಿಗೆ ಹೋದಳು. ಅವಳು ಹೋದ ಮೇಲೆ ಗುಲಾಬಿ ಮಧ್ಯಾಹ್ನವೆಲ್ಲ ಬಾಲ್ಕನಿಯಲ್ಲಿ ನಿಂತು ಹೆದ್ದಾರಿಯ ಕಾರುಗಳನ್ನು ನೋಡುವುದು ನನಗೆ ಕಾಣುತ್ತಿತ್ತು. ಒಂದು ದಿನ ನಾನೇ ಹೇಳಿದೆ: "ನಮ್ಮ ಆಫೀಸಿಗೆ ಬಾ. ಕಾಂಟ್ರ್ಯಾಕ್ಟಿನ ಮೇಲೆ ಜನಾ ತೊಗೊಳಾಕತ್ತಾರ. ಡಿಗ್ರಿಗಿಗ್ರಿ ಏನೂ ಕೇಳಂಗಿಲ್ಲ."

ನಾನು ಹುಬ್ಬಳ್ಳಿಯವಳು, ಹೆಸರು ವಾಸಂತಿ. ನಾನಿದ್ದ ಆಫೀಸು ದೂರದೇಶದ ಒಂದು ಕಂಪೆನಿಗಾಗಿ ಮೊಬೈಲಿನ ನಕ್ಷೆಯಲ್ಲಿ ಊರು, ಹೊಳೆ, ಬೆಟ್ಟಗಳ ಹೆಸರು ಸರಿಯಿದೆಯೇ ಎಂದು ನೋಡುತ್ತಿತ್ತು. ಬಳಸುವವರು ಎಲ್ಲೆಲ್ಲಿಂದಲೋ ದೂರು ಕಳಿಸುತ್ತಾರೆ, ನಾವು ಹುಡುಕಿ ನೋಡಿ ತಿದ್ದುತ್ತೇವೆ. ಮನೆಯಲ್ಲಿ ಕೂತು ಬೇಸರ ಎನ್ನುವುದಾದರೆ ಹೋಗಲಿ ಎಂದು ಸದಾಶಿವರೂ ಒಪ್ಪಿದರು. ಬೇಕಾದ ಅನುಮತಿ ಆಫೀಸಿನವರೇ ಪಡೆದರು.

ಆಗ ನನ್ನ ಪಾಲಿಗೆ ಪೋಲೆಂಡಿನ ಪೆಟ್ರೋಲ್ ಬಂಕುಗಳು ಬಂದಿದ್ದವು. ಗುಲಾಬಿಯ ಪಾಲಿಗೆ ಬಂದದ್ದು ಮೆಡಿಟರೇನಿಯನ್ ಸಮುದ್ರದ ದ್ವೀಪಗಳ ಹೊಳೆಗಳು.

ನನಗೆ ಪರದೆಯ ಮೇಲಿನ ಹೊಳೆ ಎಂದರೆ ಒಂದು ನೀಲಿ ಗೆರೆ. ಅವಳಿಗೆ ಹಾಗಲ್ಲ. ಊಟದ ಹೊತ್ತಿನಲ್ಲಿ ತಮಿಳು ಮುಸಲ್ಮಾನರ ಮಾಮಕ್ ಹೋಟೆಲಿನ ರೊಟ್ಟಿ ಚನಾಯ್ ಮುರಿಯುತ್ತ ಹೊಳೆಗಳ ಕತೆ ಹೇಳುತ್ತಿದ್ದಳು. ಮಾತೆಲ್ಲ ತಿರುಗಿ ಬರುತ್ತಿದ್ದದ್ದು ಸೈಪ್ರಸ್ಸಿನ ಪೆಡಿಯೋಸ್ ನದಿಗೆ. ಅದು ದ್ವೀಪದ ನಡುವಿನ ಟ್ರೂಡೋಸ್ ಬೆಟ್ಟಗಳ ಪೂರ್ವದ ಮಗ್ಗುಲಲ್ಲಿ ಹುಟ್ಟಿ, ಈಶಾನ್ಯಕ್ಕೆ ಇಳಿದು ರಾಜಧಾನಿ ನಿಕೋಸಿಯಾವನ್ನು ಮುಟ್ಟುತ್ತದೆ. ಅಲ್ಲಿಂದ ಪೂರ್ವಕ್ಕೆ ತಿರುಗಿ, ಎರಡು ಬೆಟ್ಟಸಾಲುಗಳ ನಡುವಿನ ದೊಡ್ಡ ಬಯಲನ್ನು ದಾಟಿ ಸಮುದ್ರ ಸೇರುತ್ತದೆ. ಆ ದ್ವೀಪದಲ್ಲಿ ಅದಕ್ಕಿಂತ ಉದ್ದದ ಹೊಳೆ ಇಲ್ಲ. ಹಾಗಿದ್ದೂ ವರ್ಷದ ಹೆಚ್ಚಿನ ಕಾಲ ಒಣಗಿ ಬಿದ್ದಿರುತ್ತದೆ.

"ಹೊಳೆಯಾ ಇದು? ನಮ್ಮೂರಿನ ತೋಡಿನಲ್ಲಿ ಇದಕ್ಕಿಂತ ಹೆಚ್ಚು ನೀರುಂಟು," ಎಂದು ನಗುತ್ತಿದ್ದಳು. ಆದರೆ ಮೊದಲು ಈ ಹೊಳೆ ನಿಕೋಸಿಯಾ ಊರಿನ ನಡುವೆಯೇ ಹರಿಯುತ್ತಿತ್ತು, ಹದಿನಾಲ್ಕನೆಯ ಶತಮಾನದಲ್ಲಿ ಅದರ ನೆರೆಗೆ ಬಹಳ ಜನ ಸತ್ತಿದ್ದರು, ಇನ್ನೂರು ವರ್ಷಗಳ ಮೇಲೆ ವೆನಿಸ್‌ನವರು ಕೋಟೆ ಕಟ್ಟುವಾಗ ಅದನ್ನು ಗೋಡೆಯ ಹೊರಗೆ ತಿರುಗಿಸಿದರು ಎಂಬುದನ್ನೆಲ್ಲ ಹೇಳುವಾಗ ಅವಳ ನಗು ನಿಲ್ಲುತ್ತಿತ್ತು. "ಹೊಳೆಯನ್ನೇ ಎತ್ತಿ ಹೊರಗೆ ಹಾಕಿದ್ರು ನೋಡು."

ಹೆಸರಿನ ಕತೆ ಇನ್ನೂ ಸಿಕ್ಕು. ಪೆಡಿಯೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಬಯಲಿನದು ಎಂದು. ತುರ್ಕಿ ಮಾತಾಡುವವರು ಅದೇ ಹೊಳೆಯನ್ನು ಕನ್ಲಿದೆರೆ ಎನ್ನುತ್ತಾರೆ, ರಕ್ತದ ತೊರೆ ಎಂದು. ಯಾಕೆ ರಕ್ತ ಎಂಬುದಕ್ಕೆ ಅವಳಿಗೆ ಖಚಿತವಾದ ಉತ್ತರ ಸಿಗಲಿಲ್ಲ. ಮಣ್ಣು ಕದಡಿ ಬರುವ ಕೆಂಪು ನೆರೆಯಿಂದ ಇರಬಹುದು ಎಂದು ಅವಳೇ ಊಹಿಸಿದ್ದಳು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಯುದ್ಧದಲ್ಲಿ ದ್ವೀಪ ಗ್ರೀಕರ ಕಡೆ, ತುರ್ಕರ ಕಡೆ ಎಂದು ಇಬ್ಭಾಗವಾಯಿತು. ಈಗ ಹೊಳೆ ಗ್ರೀಕರ ಕಡೆ ಹುಟ್ಟಿ, ಕದನವಿರಾಮದ ಗೆರೆ ದಾಟಿ, ತುರ್ಕರ ಕಡೆ ಸಮುದ್ರ ಸೇರುತ್ತದೆ.

ನಮ್ಮ ನಕ್ಷೆಯಲ್ಲಿ ಆಗ ಇದ್ದದ್ದು ಪೆಡಿಯೋಸ್ ಒಂದೇ. ಅದರ ಬಗ್ಗೆ ಎರಡು ದೂರುಗಳು ಮತ್ತೆ ಮತ್ತೆ ಬರುತ್ತಿದ್ದವು. ಒಬ್ಬ ತುರ್ಕಿ ಮುದುಕ ಬರೆಯುತ್ತಿದ್ದ: 'ನನ್ನ ತಾಯಿ ಬಟ್ಟೆ ಒಗೆದದ್ದು ಕನ್ಲಿದೆರೆಯಲ್ಲಿ. ಆ ಹೊಳೆ ನಿಮ್ಮ ನಕ್ಷೆಯಲ್ಲಿ ಯಾಕಿಲ್ಲ?' ಇನ್ನೊಬ್ಬಳು ಯುದ್ಧದಲ್ಲಿ ತುರ್ಕರ ಕಡೆ ಉಳಿದುಹೋದ ತನ್ನ ಊರು ಬಿಟ್ಟು ಓಡಿಬಂದ ಗ್ರೀಕ್ ಹೆಂಗಸು: 'ಪೆಡಿಯೋಸ್ ತೆಗೆದು ಬೇರೆ ಹೆಸರು ಹಾಕಿದರೆ ನಾವು ಅಲ್ಲಿ ಬದುಕಿಯೇ ಇರಲಿಲ್ಲ ಎಂದ ಹಾಗಾಗುತ್ತದೆ.' ಇಬ್ಬರೂ ಫೋಟೋ ಕಳಿಸಿದ್ದರು. ಎರಡರಲ್ಲೂ ಅದೇ ಒಣಗಿದ ಪಾತ್ರ, ಅವೇ ಬಿಳಿ ಕಲ್ಲುಗಳು.

ಉಳಿದವರಾಗಿದ್ದರೆ 'ಪರಿಶೀಲಿಸಲಾಗಿದೆ' ಎಂದು ಒತ್ತಿ ಮುಂದೆ ಹೋಗುತ್ತಿದ್ದರು. ಗುಲಾಬಿ ಹೋಗಲಿಲ್ಲ. ಹಳೆಯ ನಕ್ಷೆಗಳನ್ನು ಹುಡುಕಿ ನೋಡಿದಳು. ಮೇಲಿನ ಭಾಗಕ್ಕೆ ಪೆಡಿಯೋಸ್, ಗೆರೆ ದಾಟಿದ ಮೇಲಿನ ಭಾಗಕ್ಕೆ ಎರಡೂ ಹೆಸರು ಜೊತೆಯಲ್ಲಿ ಎಂದು ಸಲಹೆ ಮಾಡಿ, ಯಾಕೆ ಹಾಗೆ ಎಂದು ಚೊಕ್ಕವಾಗಿ ಬರೆದಳು. ನಮ್ಮ ತಂಡದ ಮುಖ್ಯಸ್ಥೆ ಕಲೈಚೆಲ್ವಿ, ಇಪೊ ಊರಿನ ಕಡೆಯ ತಮಿಳಿನವಳು, ಓದಿ ಬೆರಗಾದಳು. ದೂರದ ಕಂಪೆನಿಯವರೂ ಒಪ್ಪಿದರು.

ನಕ್ಷೆಯಲ್ಲಿ ಎರಡನೆಯ ಹೆಸರು ಮೂಡಿದ ದಿನ ಗುಲಾಬಿ ನಮ್ಮೆಲ್ಲರಿಗೂ ಕುಯಿ ಎಂಬ ಇಲ್ಲಿನ ಸಿಹಿತಿಂಡಿ ತಂದಳು. ಪೆನಾಂಗಿನಿಂದ ಸಮೀಕ್ಷಾ ಇಲ್ಲಿನವರ ಹಾಗೆ ಮಾತಿನ ಕೊನೆಗೆ 'ಲಾ' ಸೇರಿಸಿ ಫೋನಿನಲ್ಲಿ ಕೂಗಿದಳು: "ಅಮ್ಮಾ, ಸೋ ಕೂಲ್ ಲಾ! ಯೂ ಡಿಡ್ ದಿಸ್?"

ಸದಾಶಿವರಿಗೂ ತೋರಿಸಿದಳಂತೆ. ಅವರು ಕನ್ನಡಕ ಹಣೆಗೇರಿಸಿ ನೋಡಿ, "ನೀರೇ ಇಲ್ಲದ ಹೊಳೆಗೆ ಎರಡೆರಡು ಹೆಸರು ಯಾಕೆ?" ಎಂದು ನಕ್ಕರಂತೆ.

ಸ್ವಲ್ಪ ಸಮಯಕ್ಕೆ ಆಫೀಸಿನಲ್ಲಿ ಒಂದು ಕಾಯಂ ಹುದ್ದೆ ಬಂತು. ಹೆಸರಿನ ತಕರಾರುಗಳಲ್ಲಿ ಕೊನೆಯ ಮಾತು ಹೇಳುವ ಕೆಲಸ. ಅದಕ್ಕೆ ಸೇರಿದವರಿಗೆ ಕಂಪೆನಿಯೇ ಅವರದೇ ಹೆಸರಿನಲ್ಲಿ ಉದ್ಯೋಗದ ಪಾಸು ಮಾಡಿಸಿಕೊಡುತ್ತಿತ್ತು, ಗಂಡನ ವೀಸಾ ಮುಗಿದರೂ ಈ ದೇಶದಲ್ಲಿ ಇರಬಹುದಿತ್ತು. ಚೆಲ್ವಿ ನೇರವಾಗಿ ಗುಲಾಬಿಯ ಮೇಜಿಗೆ ಬಂದಳು. "ವೇದಾ, ಇದು ನಿನ್ನದೇ ಲಾ. ಒಂದು ಡಿಗ್ರಿ ಮಾತ್ರ ಬೇಕು. ಯಾವುದಾದರೂ ಉಂಟಾ?"

ಗುಲಾಬಿ ನನ್ನ ಕಡೆ ನೋಡಿದಳು. ಆ ಸಂಜೆ ಬಸ್ಸಿನಲ್ಲಿ ಎಲ್ಲ ಹೇಳಿದಳು.

"ಎಂ.ಎ. ಆಗೈತೇನ ನಿಂದು? ಇಷ್ಟ ವರ್ಷ ಯಾಕ ಹೇಳಲಿಲ್ಲ?" ನನಗೆ ಸಿಟ್ಟೇ ಬಂತು.

"ಯಾರೂ ಕೇಳ್ಲಿಲ್ಲ," ಎಂದಳು.

ಗುಲಾಬಿಯೂ ವೇದವತಿಯೂ ಒಬ್ಬಳೇ ಎಂದು ಪ್ರಮಾಣಪತ್ರ ಆಗಬೇಕು, ಅಷ್ಟೇ. ಸದಾಶಿವರನ್ನು ಕೇಳಿದಾಗ, ಮದುವೆಗೆ ಮೊದಲಿನಿಂದ ನಿನ್ನನ್ನು ಬಲ್ಲ ತವರಿನವರೊಬ್ಬರು ಊರಲ್ಲಿ ನೋಟರಿಯ ಮುಂದೆ ಸಹಿ ಹಾಕಲೇಬೇಕು ಎಂದರು. ಅಪ್ಪ ಅಮ್ಮ ತೀರಿಹೋಗಿದ್ದರು. ಉಳಿದವನು ಬಸರೂರಿನ ಅಣ್ಣ ವಿಠಲ. ಅವಳು ಫೋನು ಮಾಡಿದಾಗ ಅವನು, "ಅದೆಂತ ದೊಡ್ಡ ಸಂಗತಿ? ಸೋಮವಾರವೇ ಕುಂದಾಪ್ರಕ್ಕೆ ಹೋಯಿ ಮಾಡ್ಸ್ತೆ," ಎಂದ. ಅವಳು ಟ್ರಂಕಿನ ತಳದಿಂದ ಡಿಗ್ರಿ ತೆಗೆದು ಗಾಳಿಗೆ ಇಟ್ಟಳು. ನನಗೂ ತೋರಿಸಿದಳು. ಮೂಲೆಯಲ್ಲಿ ಗೆದ್ದಲು ಸ್ವಲ್ಪ ತಿಂದಿತ್ತು, ಹೆಸರು ನೆಟ್ಟಗಿತ್ತು.

ಆ ಸೋಮವಾರ ನೋಟರಿ ಸಿಗಲಿಲ್ಲವಂತೆ. ಮುಂದಿನ ವಾರ ವಿಠಲನಿಗೆ ಜ್ವರ. ಆಮೇಲೆ ಯಾರದೋ ಮನೆಯ ಗೃಹಪ್ರವೇಶ. ಆಮೇಲೆ ಅವನು ಫೋನು ಎತ್ತುವುದನ್ನೇ ಬಿಟ್ಟ. ಚೆಲ್ವಿ ಎರಡು ಬಾರಿ ಗಡುವು ಮುಂದೆ ಹಾಕಿಸಿದಳು. ಮೂರನೆಯ ಬಾರಿ ಅವಳ ಕೈಯಲ್ಲೂ ಆಗಲಿಲ್ಲ. ಹುದ್ದೆ ಹೃತ್ವಿಕ್ ಎಂಬವನಿಗೆ ಹೋಯಿತು. ಬೆಂಗಳೂರಿನವನು, ಇಲ್ಲೇ ಓದಿ ಆಗಷ್ಟೇ ಹೊರಬಂದವನು, ಮಾತಿನಲ್ಲಿ ಒಳ್ಳೆಯವನು.

ಗುಲಾಬಿ ಆಗಲೂ ಅಣ್ಣನಿಗೆ ಏನೋ ತೊಂದರೆಯಾಗಿದೆ ಎಂದೇ ನಂಬಿದ್ದಳು. ವಿಚಾರಿಸೋಣವೆಂದು ಅತ್ತಿಗೆಗೆ ಫೋನು ಹಚ್ಚಿದಳು. ನಾನು ಎದುರಿಗೇ ಇದ್ದೆ. ಅತ್ತಿಗೆಯ ದನಿ ಹೊರಗೆಲ್ಲ ಕೇಳುತ್ತಿತ್ತು.

"ನಿಂಗೊತ್ತಿಲ್ಯಾ? ನಿನ್ನ ಗಂಡನೇ ಇವರಿಗೆ ಫೋನ್ ಮಾಡಿ, ಸಹಿ ಹಾಕೂದ್ ಬೇಡ, ನಮ್ಮ ಸಂಸಾರದ ವಿಷಯ, ಅಂದ್ರಂಬ್ರು. ಭಾವನ ಮಾತು ಮೀರೂಕಾತ್ತಾ ಇವರಿಗೆ? ನಾ ಹೇಳ್ದೆ ಅನ್ಬೇಡ ಮತ್ತೆ."

ಗುಲಾಬಿ ಫೋನು ಕೆಳಗಿಟ್ಟಳು. "ಚಾ ಮಾಡು ವಾಸಂತಿ," ಎಂದಳು. ಮಾಡಿಕೊಟ್ಟೆ. ಕುಡಿದು, ಲೋಟ ತೊಳೆದು ಬೋರಲು ಹಾಕಿ, ಮನೆಗೆ ಹೋದಳು.

ಗಂಡನ ಜೊತೆ ಆದ ಮಾತನ್ನು ಮರುದಿನ ಹೇಳಿದಳು. ಸದಾಶಿವರು ಇಲ್ಲ ಎನ್ನಲಿಲ್ಲವಂತೆ.

"ನನ್ನ ಕಾಂಟ್ರ್ಯಾಕ್ಟ್ ಬರುವ ವರ್ಷಕ್ಕೆ ಮುಗೀತದೆ. ನಾನು ಉಡುಪಿಗೆ ಹೋಗ್ಲೇಬೇಕು. ನಿನಗೆ ನಿನ್ನದೇ ಪಾಸ್ ಸಿಕ್ಕಿದ್ರೆ ನೀನು ಇಲ್ಲೇ ಕೂರ್ತೀಯಲ್ಲ. ಈ ವಯಸ್ಸಿನಲ್ಲಿ ನಾನು ಒಬ್ಬನೇ ಹೋಗಿ ಬೇಯಿಸಿ ತಿನ್ಬೇಕಾ?"

"ಬಾ ಅಂತ ಕೇಳಿದ್ರೆ ಬರ್ತಿದ್ದೆ."

"ಇದ್ರಲ್ಲಿ ಕೇಳುವಂಥದ್ದು ಎಂತ ಉಂಟು?"

ಅಷ್ಟೇ ಮಾತು. ಅವರು ಜಗಳವಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ. ಪೇಪರ್ ತಿದ್ದಲು ಕೂತರಂತೆ. ಸದಾಶಿವರು ಹೆಂಡತಿಗೆ ಹೊಡೆಯುವವರಲ್ಲ, ಕುಡಿಯುವವರಲ್ಲ, ಕಾಂಡೋದವರೆಲ್ಲ ಒಳ್ಳೆಯವರು ಎನ್ನುವ ಮನುಷ್ಯ. ಅದಕ್ಕೇ ಗುಲಾಬಿಗೆ ಯಾರ ಹತ್ತಿರ ಏನೆಂದು ದೂರಬೇಕು ಎಂದು ಗೊತ್ತಾಗಲಿಲ್ಲ. ಮಗಳಿಗೆ ಹೇಳಿದಳು. ಸಮೀಕ್ಷಾ, "ವೇಟ್, ನಿನ್ನ ಹೆಸರು ಗುಲಾಬಿಯಾ?" ಎಂದು ಕೇಳಿದಳಂತೆ. ಅವಳ ಬಾಯಲ್ಲಿ ಅಪರೂಪಕ್ಕೆ ಬಂದ ಕನ್ನಡ ಅದು.

ಆಫೀಸಿಗೆ ಬರುವುದನ್ನು ಗುಲಾಬಿ ನಿಲ್ಲಿಸಲಿಲ್ಲ. ಹೃತ್ವಿಕ್ ಕೂರುವ ಕುರ್ಚಿಯ ಮುಂದೆಯೇ ದಿನವೂ ಹಾದು ತನ್ನ ಜಾಗಕ್ಕೆ ಹೋಗುತ್ತಿದ್ದಳು. ಹಾಗಿರುವಾಗ ದೂರದ ಕಂಪೆನಿ ತನ್ನ ನಿಯಮ ಬದಲಿಸಿತು. ಇನ್ನು ಮುಂದೆ ಒಂದು ಹೊಳೆಗೆ ಹುಟ್ಟಿನಿಂದ ಸಮುದ್ರದವರೆಗೆ ಒಂದೇ ಹೆಸರು, ಅದೂ ಲೋಕ ಒಪ್ಪಿದ ಸರಕಾರ ಬಳಸುವ ಹೆಸರು. ಸೈಪ್ರಸ್ಸಿನಲ್ಲಿ ಅದು ಗ್ರೀಕರ ಕಡೆಯ ಸರಕಾರ. ಹೃತ್ವಿಕ್ ಅವಳ ಮೇಜಿನ ಹತ್ತಿರ ಬಂದು ನಿಂತ. ಪಾಪ, ಅವನಿಗೂ ಸಂಕೋಚ.

"ಆಂಟಿ, ಸಾರಿ. ಆ ಸೈಪ್ರಸ್ ರಿವರ್‌ದು ಸೆಕೆಂಡ್ ನೇಮ್ ತೆಗಿಬೇಕಂತೆ."

"ನೀನೇ ತೆಗಿ ಮಗಾ."

"ಅದು ಆಗಲ್ಲ ಆಂಟಿ. ನಿಮ್ಮ ಐಡಿಯಿಂದ ಹಾಕಿದ್ದಲ್ವಾ, ನಿಮ್ಮ ಐಡಿಯಿಂದಲೇ ತೆಗಿಬೇಕು. ಸಿಸ್ಟಮ್ ಹಾಗಿದೆ."

ನನ್ನ ಮೇಜು ಪಕ್ಕದ್ದೇ. ಅವಳು ಆ ಕಡತ ತೆರೆದಳು. ಬಯಲಿನ ನಡುವೆ ನೀಲಿ ಗೆರೆ, ಅದರ ಕೆಳಗೆ ಕನ್ಲಿದೆರೆ. ಆ ಅಕ್ಷರಗಳನ್ನು ಒಂದೊಂದಾಗಿ ಹಿಂದಿನಿಂದ ಅಳಿಸುತ್ತ ಬಂದಳು. ಒಟ್ಟಿಗೇ ಹಿಡಿದು ತೆಗೆಯಬಹುದಿತ್ತು, ಹಾಗೆ ಮಾಡಲಿಲ್ಲ.

ವಾರದೊಳಗೆ ತುರ್ಕಿ ಮುದುಕನ ಸಂದೇಶ ಬಂತು. ಅದರಲ್ಲಿ ಬೈಗುಳ ಇರಲಿಲ್ಲ. 'ನಮ್ಮ ಹೊಳೆಯ ಹೆಸರು ಕಾಣುತ್ತಿತ್ತು. ಮೊಮ್ಮಕ್ಕಳಿಗೆ ತೋರಿಸಿದ್ದೆ. ಈಗ ಕಾಣುತ್ತಿಲ್ಲ. ನನ್ನ ಫೋನಿನಲ್ಲಿ ಏನಾದರೂ ತೊಂದರೆ ಇದೆಯೇ?'

ಬಳಸುವವರಿಗೆ ಸ್ವಂತ ಮಾತಿನಲ್ಲಿ ಉತ್ತರ ಬರೆಯಲು ನಮಗೆ ಅಪ್ಪಣೆ ಇಲ್ಲ. ದೂರು ಮುಗಿಯಿತು ಎಂಬ ಗುಂಡಿಯನ್ನು ಒತ್ತಬಹುದು, ಅಷ್ಟೇ. ಗುಲಾಬಿ ಅದನ್ನು ಮೂರು ಸಲ ಓದಿದಳು. "ಫೋನ್ ಸರಿ ಉಂಟು ಅಂತಾದ್ರೂ ಹೇಳ್ಬಹುದಿತ್ತು," ಎಂದಳು. ಆಮೇಲೆ ಗುಂಡಿ ಒತ್ತಿದಳು. ಆ ತಿಂಗಳ ಕೊನೆಗೆ ಕೆಲಸ ಬಿಟ್ಟಳು.

ಇದಾದ ಮೇಲೆ ಒಂದು ಮಧ್ಯಾಹ್ನ ನನ್ನ ಬಾಡಿಗೆ ಕರಾರಿಗೆ ಪ್ರಮಾಣದ ಮುದ್ರೆ ಹಾಕಿಸಬೇಕಿತ್ತು. ಕಾಜಾಂಗಿನ ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಒಬ್ಬ ಚೀನೀ ಮುದುಕ, ನಮ್ಮ ಕಡೆಯ ನೋಟರಿಯ ಹಾಗೆ, ಆ ಕೆಲಸ ಮಾಡುತ್ತಾನೆ. ಹಗಲೆಲ್ಲ ಮನೆಯಲ್ಲಿ ಒಬ್ಬಳೇ ಇರುತ್ತಾಳಲ್ಲ ಎಂದು ಗುಲಾಬಿಯನ್ನೂ ಕರೆದುಕೊಂಡು ಹೋಗಿದ್ದೆ. ನನ್ನದು ಮುಗಿದ ಮೇಲೆ ಅವಳು ಸುಮ್ಮನೆ ಎಂಬಂತೆ ಕೇಳಿದಳು: ಎರಡು ಹೆಸರಿನವಳು ಒಬ್ಬಳೇ ಎಂದು ಪ್ರಮಾಣ ಮಾಡಲು ತವರಿನವರ ಸಹಿ ಬೇಕೇ?

ಮುದುಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬೇರೆಯವರು ಯಾಕೆ? ನಿನ್ನ ಹೆಸರು ನಿನಗೆ ಗೊತ್ತಲ್ಲ. ನೀನೇ ಹೇಳು, ನೀನೇ ಸಹಿ ಹಾಕು. ಇಲ್ಲೇ ಆಗುತ್ತೆ ಲಾ."

ಅವನ ಚಹಾ ಆರುವ ಮೊದಲೇ ಕೆಲಸ ಮುಗಿಯಿತು. ನಾನು ಸುಮ್ಮನಿರಲಾರದೆ ಅಲ್ಲಿಂದಲೇ ಚೆಲ್ವಿಗೆ ಫೋನು ಮಾಡಿ ಕೇಳಿದೆ. ಅಂಥದ್ದೇ ಒಂದು ಕಾಗದ ಸಾಕಿತ್ತು, ಅಣ್ಣನ ಸಹಿ ಯಾರು ಕೇಳಿದ್ದರು, ಎಂದಳು ಅವಳು. ಗುಲಾಬಿಗೆ ಇದನ್ನು ಹೇಳಬಾರದಿತ್ತೇನೋ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾನೂ ಒಂದು ಮಾತು ಯಾರನ್ನಾದ್ರೂ ಕೇಳ್ಬೇಕಿತ್ತು," ಎಂದಳು. "ಇವರು ಹೇಳಿದ್ರು, ನಾನು ನಂಬಿದೆ. ಯಾವಾಗ್ಲೂ ಹಾಗೇ ಅಲ್ವಾ." ಮೆಟ್ಟಿಲಿಳಿದು ಬಿಸಿಲಿಗೆ ಬಂದ ಮೇಲೆ ಆ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಹೊಸ ವರ್ಷ ಕಳೆದ ಮೇಲೆ ಸದಾಶಿವರ ಕಾಲೇಜು ಅವರ ಕಾಂಟ್ರ್ಯಾಕ್ಟನ್ನು ಮತ್ತೆ ಮುಂದುವರಿಸಿತು. ಅನಾಟಮಿಗೆ ಜನ ಸಿಗುವುದಿಲ್ಲ, ನೀವೇ ಇರಬೇಕು ಎಂದರಂತೆ. ಅವರಿಗೆ ಬಹಳ ಸಂತೋಷವಾಯಿತು. ಉಡುಪಿಯ ಮಾತು ಆಮೇಲೆ ಎತ್ತಲಿಲ್ಲ.

ಆ ಸಂತೋಷಕ್ಕೆ ಅವರ ಹಿರಿಯ ಸಹೋದ್ಯೋಗಿ ಡಾಕ್ಟರ್ ಅನಂತಕೃಷ್ಣ ಬಾಂಗ್ಸಾರಿನ ತಮ್ಮ ಮನೆಯಲ್ಲಿ ಭಾನುವಾರ ಊಟ ಇಟ್ಟುಕೊಂಡರು. ನಮ್ಮನ್ನೂ ಕರೆದಿದ್ದರು. ನಾನೂ ನನ್ನ ಗಂಡನೂ ಸದಾಶಿವರ ಕಾರಿನಲ್ಲೇ ಹೋದೆವು. ಮಣಿಪಾಲದಿಂದ ಬಂದ ಡಾಕ್ಟರುಗಳೇ ಮನೆ ತುಂಬ ಇದ್ದರು. ಕೋಳಿ ಸಾರಿನ ಕೋರಿ ರೊಟ್ಟಿ, ಮಾಂಸ ತಿನ್ನದ ನಮ್ಮಂಥವರಿಗೆ ಬೇರೆಯಾಗಿ ಹುಳಿ, ಕೋಸಂಬರಿ. ಅನಂತಕೃಷ್ಣರ ಹೊಸ ಸೊಸೆ ವಿಸ್ಮಯಾ ಬಡಿಸುತ್ತಿದ್ದಳು.

ಗುಲಾಬಿಯ ಹತ್ತಿರ ಬಂದು, "ನಿಮ್ಮ ಹೆಸರು ಗೊತ್ತಾಗ್ಲಿಲ್ಲ ಆಂಟಿ," ಎಂದಳು.

"ಗುಲಾಬಿ."

ಮೇಜಿನ ಆ ತುದಿಯಿಂದ ಸದಾಶಿವರು ನಕ್ಕರು. "ವೇದವತಿ ಅಂತ. ಗುಲಾಬಿ ಅನ್ನುವುದು ಮದುವೆಗೆ ಮುಂಚಿನ ಹೆಸರು. ಈಗ ಯಾಕೋ ನೆನಪಾಗಿದೆ ಅವಳಿಗೆ."

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಊಟದ ಮನೆಯ ನಗು. ಅನಂತಕೃಷ್ಣರು, "ಹಾಗಾದ್ರೆ ನೀವೂ ಓದಿದವರಾ ಅಮ್ಮ?" ಎಂದು ಏನೋ ಕೇಳಬೇಕಲ್ಲ ಎಂಬಂತೆ ಕೇಳಿದರು.

"ಅವಳದ್ದು ಅಂಥಾದ್ದೇನಿಲ್ಲ ಸರ್," ಎಂದರು ಸದಾಶಿವ. "ಸ್ವಲ್ಪ ದಿನ ಟೈಂಪಾಸಿಗೆ ಮ್ಯಾಪಿನ ಕೆಲಸಕ್ಕೆ ಹೋಗ್ತಿದ್ಳು."

"ಎಂ.ಎ. ಆಗೈತ್ರಿ ಅಕೀದು, ಭೂಗೋಳದಾಗ," ಎಂದುಬಿಟ್ಟೆ ನಾನು. ನನ್ನ ಗಂಡ ಮೇಜಿನ ಕೆಳಗೆ ನನ್ನ ಕಾಲು ಒತ್ತಿದರು. ಗುಲಾಬಿ ತಲೆಯೆತ್ತಲಿಲ್ಲ. ಅನ್ನಕ್ಕೆ ಹುಳಿ ಕಲಸುತ್ತಲೇ ಇದ್ದಳು. ಯಾರೋ ಮಕ್ಕಳ ಇಂಟರ್‌ನ್ಯಾಷನಲ್ ಸ್ಕೂಲಿನ ಮಾತು ತೆಗೆದರು, ಊಟ ಮುಂದೆ ಸಾಗಿತು.

ವಾಪಸು ಬರುವಾಗ ನಾನೂ ಗುಲಾಬಿಯೂ ಹಿಂದಿನ ಸೀಟಿನಲ್ಲಿ ಕೂತಿದ್ದೆವು. ಹೆದ್ದಾರಿಗೆ ಬಂದ ಮೇಲೆ ಸದಾಶಿವರು ಮೆಲ್ಲಗೆ, "ಅಷ್ಟು ಜನರ ಎದುರು ಆ ಹೆಸರು ಹೇಳುವ ಅಗತ್ಯ ಎಂತ ಇತ್ತು ವೇದಾ?" ಎಂದರು.

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

"ವೇದಾ, ನಿನ್ನನ್ನೇ ಕೇಳುವುದು."

ನನ್ನ ಗಂಡ ಸುಮ್ಮನೆ ಕೆಮ್ಮಿದರು. ಟೋಲ್ ಗೇಟು ಬಂತು, ಹೋಯಿತು. ಪುತ್ರಜಯಾದ ಅಗಲ ರಸ್ತೆಗೆ ತಿರುಗುವಾಗ ಸದಾಶಿವರು ಕನ್ನಡಿಯಲ್ಲಿ ಒಮ್ಮೆ ನಮ್ಮನ್ನು ನೋಡಿ, ಮತ್ತೆ ಹೆಂಡತಿಯನ್ನೇ ಮಾತಾಡಿಸಿದರು. ಈ ಸಲ ಯಾವ ಹೆಸರನ್ನೂ ಹಿಡಿದು ಕರೆಯಲಿಲ್ಲ.

"ಏಸಿ ಕಮ್ಮಿ ಮಾಡ್ಲಾ?"

"ಬೇಡ," ಎಂದಳು ಗುಲಾಬಿ.